ಓದಿದ ಕಾಲೇಜಿಗೆ ನೆರವು: ಹಳೆಯ ವಿದ್ಯಾರ್ಥಿಗಳ ನಿಧಿಯನ್ನು ಕಟ್ಟುವುದು ಹೇಗೆ, ನಡೆಸುವುದು ಹೇಗೆ

‘ನಮ್ಮ ಬ್ಯಾಚಿಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ, ಕಾಲೇಜಿಗೆ ಏನಾದರೂ ಮಾಡಬೇಕು ಅಂತ ಎಲ್ಲರೂ ಹೇಳ್ತಿದ್ದಾರೆ. ದುಡ್ಡು ಯಾರ ಖಾತೆಗೆ ಹಾಕಿಸಿಕೊಳ್ಳಬೇಕು? ತೆರಿಗೆ ವಿನಾಯಿತಿ ಸಿಗುತ್ತದಾ? ಅಮೆರಿಕದಲ್ಲಿರುವವರಿಂದ ತೆಗೆದುಕೊಳ್ಳಬಹುದಾ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕರ್ನಾಟಕದ ಸರ್ಕಾರಿ ಅಥವಾ ಅನುದಾನಿತ ಪದವಿ ಕಾಲೇಜು, ಇಲ್ಲವೇ ವಿಶ್ವವಿದ್ಯಾಲಯದ ಒಂದು ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರಿಸಿದ್ದೇವೆ.

ಪತ್ರಿಕೆಯಲ್ಲಿ ಓದುವ ದೊಡ್ಡ ದಾನಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. 2023ರಲ್ಲಿ ನಂದನ್ ನಿಲೇಕಣಿಯವರು ತಾವು ಓದಿದ ಐಐಟಿ ಬಾಂಬೆಗೆ 315 ಕೋಟಿ ರೂಪಾಯಿ ಕೊಟ್ಟರು. ಅದೇ ವರ್ಷ ಅದೇ ಸಂಸ್ಥೆಯ 1998ರ ಬ್ಯಾಚಿನವರು ಬೆಳ್ಳಿಹಬ್ಬಕ್ಕೆಂದು 57 ಕೋಟಿ ಒಟ್ಟುಮಾಡಿದರು. ಆ ಸಂಸ್ಥೆಗಳಲ್ಲಿ ಇದಕ್ಕೆಂದೇ ಒಂದು ಕಚೇರಿ, ಅದರಲ್ಲಿ ಸಂಬಳದ ಸಿಬ್ಬಂದಿ ಇರುತ್ತಾರೆ. ತಾಲ್ಲೂಕು ಕೇಂದ್ರದ ಪ್ರಥಮ ದರ್ಜೆ ಕಾಲೇಜಿನ ಲೆಕ್ಕವೇ ಬೇರೆ. ಅಲ್ಲಿ ಹುಡುಗನೊಬ್ಬ ಓದು ಬಿಡುವುದು ಎಷ್ಟೋ ಸಲ ಎರಡು ಮೂರು ಸಾವಿರ ರೂಪಾಯಿ ಹೊತ್ತಿಗೆ ಸರಿಯಾಗಿ ಕೈಗೆ ಸಿಗದ ಕಾರಣಕ್ಕೆ. ಹಳೆಯ ವಿದ್ಯಾರ್ಥಿಗಳ ಹಣ ಸರ್ಕಾರದ ಹಣಕ್ಕಿಂತ ದೊಡ್ಡದಾಗುವುದಿಲ್ಲ. ಆದರೆ ಅದಕ್ಕಿಂತ ಬೇಗ ತಲುಪಬಲ್ಲದು, ಅದು ಮುಟ್ಟದ ಕಡೆ ಹೋಗಬಲ್ಲದು. ಮುಂದಿನ ಹಂತಗಳೆಲ್ಲ ಈ ಎರಡು ಅನುಕೂಲಗಳನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳುವುದಕ್ಕಾಗಿ.

ಹಂತ 1: ಮೊದಲು ಅಗತ್ಯ ಕೇಳಿ, ಆಮೇಲೆ ಹಣ ಕೇಳಿ

ಹೆಚ್ಚಿನ ಬ್ಯಾಚುಗಳು ಇದನ್ನು ತಲೆಕೆಳಗು ಮಾಡುತ್ತವೆ. ಐದು ಲಕ್ಷ ಸೇರಿದ ಮೇಲೆ ‘ಏನು ಕೊಡೋಣ’ ಎಂಬ ಚರ್ಚೆ ಶುರುವಾಗಿ, ಕೊನೆಗೆ ಕುಡಿಯುವ ನೀರಿನ ಯಂತ್ರಕ್ಕೆ ಬಂದು ನಿಲ್ಲುತ್ತದೆ. ಬ್ಯಾಚಿನ ಹೆಸರು ಸೊಗಸಾಗಿ ಬರೆಸಿಕೊಂಡು, ಫಿಲ್ಟರ್ ಬದಲಿಸುವವರಿಲ್ಲದೆ ಒಣಗಿ ನಿಂತ ಯಂತ್ರಗಳಿಗೆ ನಮ್ಮ ಕಾಲೇಜುಗಳಲ್ಲಿ ಬರವಿಲ್ಲ.

ಪ್ರಾಂಶುಪಾಲರನ್ನು ಭೇಟಿಯಾಗಿ, ಅಷ್ಟಕ್ಕೇ ನಿಲ್ಲಿಸಬೇಡಿ. ಇನ್ನೂ ನಾಲ್ವರನ್ನು ಕೇಳಿ:

- ಕಚೇರಿಯಲ್ಲಿ ಶುಲ್ಕ ಕಟ್ಟಿಸಿಕೊಳ್ಳುವ ಗುಮಾಸ್ತರು. ಪರೀಕ್ಷಾ ಶುಲ್ಕದ ಕೊನೆಯ ದಿನ ಯಾರು ಬರುವುದಿಲ್ಲ, ಯಾರು ದಂಡ ಸೇರಿಸಿ ಕಟ್ಟುತ್ತಾರೆ ಎಂಬುದು ಅವರಿಗೆ ಗೊತ್ತು.
- ಗ್ರಂಥಪಾಲಕರು. ಯಾವ ಪುಸ್ತಕಕ್ಕೆ ಕಾಯುವವರ ಪಟ್ಟಿ ಉದ್ದ ಎಂದು ಹೇಳಬಲ್ಲವರು ಅವರೊಬ್ಬರೇ.
- ದೈಹಿಕ ಶಿಕ್ಷಣ ನಿರ್ದೇಶಕರು. ಅಂತರ ಕಾಲೇಜು ಪಂದ್ಯಕ್ಕೆ ಯಾವ ತಂಡವನ್ನು ಕಳಿಸಲಾಗಲಿಲ್ಲ ಎಂದು ಕೇಳಿ.
- ಹಾಸ್ಟೆಲ್ ಮೇಲ್ವಿಚಾರಕರು, ಕಾಲೇಜಿಗೆ ಸೇರಿದ ಹಾಸ್ಟೆಲ್ ಇದ್ದರೆ.

ಸರ್ಕಾರ ಈಗಾಗಲೇ ಕೊಡುತ್ತಿರುವುದನ್ನು ಪಟ್ಟಿಯಿಂದ ತೆಗೆಯಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತ. ಆದ್ದರಿಂದ ‘ವಿದ್ಯಾರ್ಥಿನಿಯರ ಬಸ್ ಖರ್ಚು’ ಎಂಬ ಬಾಬ್ತು ಬಹಳ ಕಡೆ ಬೇಕಿಲ್ಲ. ದಕ್ಷಿಣ ಕನ್ನಡ, ಉಡುಪಿಯಂಥ ಖಾಸಗಿ ಬಸ್ಸುಗಳೇ ಹೆಚ್ಚಿರುವ ಕಡೆ ಮಾತ್ರ ಆ ಖರ್ಚು ಇನ್ನೂ ಉಳಿದಿದೆ. ಹುಡುಗರಿಗೆ ವಿದ್ಯಾರ್ಥಿ ಪಾಸ್ ಇದ್ದರೂ ಅದಕ್ಕೆ ಹಣ ಕಟ್ಟಬೇಕು. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಮೂಲಕ ಹಣ ಬರುತ್ತದೆ. ತೊಂದರೆಯೆಂದರೆ, ಶುಲ್ಕ ಕಟ್ಟಬೇಕಾದ ದಿನಕ್ಕೂ ಆ ಹಣ ಖಾತೆಗೆ ಬೀಳುವ ದಿನಕ್ಕೂ ತಿಂಗಳುಗಳ ಅಂತರ. ನಿಮ್ಮ ನಿಧಿಗೆ ಸಿಗುವ ಅತಿ ಒಳ್ಳೆಯ ಕೆಲಸ ಈ ಅಂತರವನ್ನು ತುಂಬುವುದು.

ಹೀಗೆ ವಿಚಾರಿಸಿದಾಗ ಸಾಮಾನ್ಯವಾಗಿ ಎದುರಾಗುವ ಅಗತ್ಯಗಳು ಇವು: ಪ್ರವೇಶದ ಮೊದಲ ಆರು ವಾರಗಳ ಖರ್ಚು, ಪರೀಕ್ಷಾ ಶುಲ್ಕ, ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯ ಮುದ್ರಣ, ಇಂಟರ್ನ್‌ಶಿಪ್‌ಗೆಂದು ಬೆಂಗಳೂರಿಗೆ ಹೋದಾಗ ಪಿಜಿಗೆ ಕಟ್ಟುವ ಮುಂಗಡ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಗಳ ಅರ್ಜಿ ಶುಲ್ಕ. ಈ ಕೊನೆಯದು ಯಾರ ಗಮನಕ್ಕೂ ಬರುವುದಿಲ್ಲ. ನಾಲ್ಕು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬೇಕಾದ ಹುಡುಗಿ ಶುಲ್ಕಕ್ಕೆ ಹೆದರಿ ಒಂದಕ್ಕೆ ಮಾತ್ರ ಹಾಕಿ ಸುಮ್ಮನಾಗುತ್ತಾಳೆ.

ಹಂತ 2: ದತ್ತಿಯೋ, ವರ್ಷವರ್ಷದ ದೇಣಿಗೆಯೋ? ಲೆಕ್ಕ ಹಾಕಿ ನೋಡಿ

ದತ್ತಿ ಎಂದರೆ ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರ ಖರ್ಚು ಮಾಡುವ ನಿಧಿ. ನಮ್ಮ ವಿಶ್ವವಿದ್ಯಾಲಯಗಳ ಘಟಿಕೋತ್ಸವದಲ್ಲಿ ಕೊಡುವ ದತ್ತಿ ಪದಕಗಳೆಲ್ಲ ಈ ಬಗೆಯವು. ವರ್ಷವರ್ಷದ ದೇಣಿಗೆ ಎಂದರೆ ಬಂದ ಹಣವನ್ನು ಅದೇ ವರ್ಷ ಬಳಸುವುದು.

ಹತ್ತು ಲಕ್ಷ ರೂಪಾಯಿ ದತ್ತಿ ಇಟ್ಟಿರಿ, ಬಡ್ಡಿ ಶೇ 6.5 ಎಂದಿಟ್ಟುಕೊಳ್ಳಿ. ವರ್ಷಕ್ಕೆ 65,000 ರೂಪಾಯಿ ಬರುತ್ತದೆ. ಅಷ್ಟನ್ನೂ ಖರ್ಚು ಮಾಡುತ್ತ ಹೋದರೆ ಬೆಲೆಯೇರಿಕೆಯಿಂದ ಮೂಲಧನದ ಬೆಲೆ ವರ್ಷವರ್ಷ ಕರಗುತ್ತದೆ. ಅದಕ್ಕಾಗಿ ಕನಿಷ್ಠ 20,000ವನ್ನು ಮೂಲಧನಕ್ಕೇ ಮರಳಿ ಸೇರಿಸಬೇಕು. ಉಳಿಯುವುದು 45,000. ತಲಾ 9,000ದಂತೆ ಐವರು ವಿದ್ಯಾರ್ಥಿಗಳಿಗೆ ನೆರವು.

ಇನ್ನೊಂದು ಕಡೆ ನೋಡಿ. ನೂರು ಜನ ಸಹಪಾಠಿಗಳು ತಿಂಗಳಿಗೆ 500 ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 6 ಲಕ್ಷ. ದತ್ತಿಯಿಂದ ಇಷ್ಟು ಹುಟ್ಟಿಸಲು ಮೇಲಿನ ಲೆಕ್ಕದಲ್ಲಿ ಸುಮಾರು 1.33 ಕೋಟಿ ಮೂಲಧನ ಬೇಕು. ಹೊಸದಾಗಿ ಶುರುಮಾಡುವವರಿಗೆ ನಮ್ಮ ಸಲಹೆ ಸ್ಪಷ್ಟ: ಮೊದಲ ಐದು ವರ್ಷ ತಿಂಗಳ ದೇಣಿಗೆಯ ಮೇಲೆ ನಡೆಸಿ, ಬರುವುದರಲ್ಲಿ ಶೇ 10–15 ಮಾತ್ರ ದತ್ತಿಗೆ ಹಾಕಿ. ಬೆಳ್ಳಿಹಬ್ಬದ ವರ್ಷ ಒಮ್ಮೆ ಉಕ್ಕಿ ಬರುವ ಉತ್ಸಾಹವನ್ನೇ ನಂಬಿಕೊಳ್ಳಬೇಡಿ.

ದತ್ತಿ ಇಡಲೇಬೇಕೆಂದಿದ್ದರೆ ಚಿನ್ನದ ಪದಕದಿಂದ ದೂರವಿರಿ. ಹಿಂದೊಮ್ಮೆ ಯಾರೋ 5,000 ರೂಪಾಯಿ ದತ್ತಿ ಇಟ್ಟ ಪದಕಕ್ಕೆ ಶೇ 7ರಂತೆ ಈಗ ಬರುವ ಬಡ್ಡಿ ವರ್ಷಕ್ಕೆ 350 ರೂಪಾಯಿ. ಚಿನ್ನ ಹಾಗಿರಲಿ, ಲೇಪನದ ಪದಕಕ್ಕೂ ಸಾಲದು. ಒಡಂಬಡಿಕೆ ಪತ್ರದಲ್ಲಿ ‘ಈ ಉದ್ದೇಶ ಕಾರ್ಯಸಾಧ್ಯವಲ್ಲದಾಗ ಅದೇ ವಿಭಾಗದ ವಿದ್ಯಾರ್ಥಿಗಳ ನೆರವಿಗೆ ಬಳಸಬಹುದು’ ಎಂಬ ಒಂದು ಸಾಲು ಸೇರಿಸುವುದನ್ನು ಮರೆಯಬೇಡಿ. ಆ ಸಾಲಿಲ್ಲದ ಹಳೆಯ ದತ್ತಿಗಳ ಹಣ ಬಳಕೆಯಾಗದೆ ಪುಸ್ತಕದಲ್ಲೇ ಉಳಿಯುತ್ತದೆ.

ಹಂತ 3: ಹಣ ಯಾವ ದಾರಿಯಲ್ಲಿ ಹೋಗಬೇಕು

ಮೂರು ದಾರಿಗಳಿವೆ.

ಮೊದಲನೆಯದು, ನೇರವಾಗಿ ಸಂಸ್ಥೆಗೆ. ಸರ್ಕಾರಿ ಕಾಲೇಜಾದರೆ ಕಾಲೇಜು ಅಭಿವೃದ್ಧಿ ಸಮಿತಿಯ ಖಾತೆ, ಅನುದಾನಿತ ಕಾಲೇಜಾದರೆ ಆಡಳಿತ ಮಂಡಳಿ, ವಿಶ್ವವಿದ್ಯಾಲಯವಾದರೆ ಕುಲಸಚಿವರ ಮೂಲಕ ಹಣಕಾಸು ಅಧಿಕಾರಿ. ವಿಶ್ವವಿದ್ಯಾಲಯದಲ್ಲಿ ದತ್ತಿ ಸ್ಥಾಪನೆಗೆ ಸಿಂಡಿಕೇಟಿನ ಒಪ್ಪಿಗೆ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಕಾಗದಪತ್ರದ ಹೊರೆ ನಿಮಗಿಲ್ಲ ಎಂಬುದು ಈ ದಾರಿಯ ಅನುಕೂಲ. ಖರ್ಚು ಮಾಡುವಾಗ ವೇಗವಿರುವುದಿಲ್ಲ ಎಂಬುದು ಅನನುಕೂಲ. ದೊಡ್ಡ ಮೊತ್ತದ, ದೀರ್ಘಕಾಲದ ದತ್ತಿಗೆ ಇದು ಸರಿ. ನಾಳೆಯೇ ಕಟ್ಟಬೇಕಾದ ಪರೀಕ್ಷಾ ಶುಲ್ಕಕ್ಕೆ ಇದು ಆಗದು.

ಎರಡನೆಯದು, ನೋಂದಾಯಿತ ಹಳೆಯ ವಿದ್ಯಾರ್ಥಿಗಳ ಸಂಘ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಕನಿಷ್ಠ 7 ಜನ ಸೇರಿ, ಉದ್ದೇಶ ಪತ್ರ ಮತ್ತು ಬೈಲಾ ಬರೆದು, ಜಿಲ್ಲಾ ಸಂಘಗಳ ನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕು. ನಿಮ್ಮ ಕಾಲೇಜಿನಲ್ಲಿ ಇಂಥ ಸಂಘ ಈಗಾಗಲೇ ಇರುವ ಸಾಧ್ಯತೆ ಹೆಚ್ಚು. ಕಾಲೇಜುಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆಯಾದ ನ್ಯಾಕ್‌ನ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆಗೂ ಅಂಕವಿದೆ. ಹಾಗಾಗಿ ನ್ಯಾಕ್ ತಂಡ ಬರುವ ವರ್ಷ ಸಂಘ ಹುಟ್ಟುತ್ತದೆ, ತಂಡ ಹೋದ ಮೇಲೆ ಮಲಗುತ್ತದೆ. ಹೊಸದನ್ನು ಕಟ್ಟುವ ಮೊದಲು ಹಳೆಯದರ ನೋಂದಣಿ ಪತ್ರ, ಕೊನೆಯ ಆಡಿಟ್ ವರದಿ, ಪದಾಧಿಕಾರಿಗಳ ಪಟ್ಟಿ ಎಲ್ಲಿವೆ ಎಂದು ಹುಡುಕಿ. ವಾರ್ಷಿಕ ಮಹಾಸಭೆಯ ವಿವರ ಮತ್ತು ಲೆಕ್ಕಪತ್ರವನ್ನು ಪ್ರತಿವರ್ಷ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಹಲವು ವರ್ಷ ಬಾಕಿ ಉಳಿದಿದ್ದರೆ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಹಣ ಎತ್ತಿ.

ಮೂರನೆಯದು, ಬ್ಯಾಚಿನವರೇ ಮಾಡಿಕೊಳ್ಳುವ ಸಾರ್ವಜನಿಕ ಟ್ರಸ್ಟ್. ಉಪನೋಂದಣಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿದರೆ ಆಯಿತು, ಕೆಲವೇ ಜನ ಸಾಕು, ತೀರ್ಮಾನ ಬೇಗ. ಆದರೆ ಟ್ರಸ್ಟಿಗಳನ್ನು ಬದಲಿಸುವ ಕ್ರಮವನ್ನು ಪತ್ರದಲ್ಲೇ ಬರೆಯದಿದ್ದರೆ ಇಪ್ಪತ್ತು ವರ್ಷಗಳ ನಂತರ ಅದು ಇಬ್ಬರ ಸ್ವತ್ತಿನಂತೆ ಆಗಿಬಿಡುತ್ತದೆ. ಒಬ್ಬ ಟ್ರಸ್ಟಿಯ ಅವಧಿ ಮೂರು ವರ್ಷ, ಸತತ ಎರಡು ಅವಧಿಗಿಂತ ಹೆಚ್ಚಿಲ್ಲ ಎಂದು ಬರೆಸಿ.

ನಾಲ್ಕನೆಯ ದಾರಿಯೊಂದನ್ನು ಜನ ಬಳಸುತ್ತಾರೆ: ‘ಸದ್ಯಕ್ಕೆ ನನ್ನ ಖಾತೆಗೇ ಫೋನ್‌ಪೇ ಮಾಡಿ’. ಇದನ್ನು ಮಾಡಲೇಬೇಡಿ. ಸಂಬಂಧಿಕರಲ್ಲದವರಿಂದ ಒಂದು ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಉಡುಗೊರೆಯಾಗಿ ಬಂದ ಹಣ ಪಡೆದವರ ಆದಾಯವೆಂದೇ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಒಳ್ಳೆಯ ಮನಸ್ಸಿನ ಸ್ನೇಹಿತ ಎರಡು ವರ್ಷದ ನಂತರ ಇಲಾಖೆಯ ನೋಟಿಸಿಗೆ ಉತ್ತರ ಬರೆಯುತ್ತ ಕೂರಬೇಕಾಗುತ್ತದೆ.

ಹಂತ 4: ತೆರಿಗೆಯ ಕಾಗದಗಳು

ಒಂದು ಸೂಚನೆ: ಇಲ್ಲಿ ಬಳಸಿರುವ ಸೆಕ್ಷನ್ ಮತ್ತು ಫಾರ್ಮ್ ಸಂಖ್ಯೆಗಳು ಎಲ್ಲರ ಬಾಯಲ್ಲಿರುವ 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿರುವುದರಿಂದ ಸಂಖ್ಯೆಗಳು ಬದಲಾಗಿವೆ. ಅರ್ಜಿ ಹಾಕುವಾಗ ಆಡಿಟರಿಂದ ಹೊಸ ಸಂಖ್ಯೆ ಬರೆಸಿಕೊಳ್ಳಿ.

ಎರಡು ನೋಂದಣಿಗಳು ಬೇಕು. 12ಎಬಿ ಎಂಬುದು ಸಂಘದ ಆದಾಯಕ್ಕೇ ತೆರಿಗೆ ಬೀಳದಂತೆ ನೋಡಿಕೊಳ್ಳುವ ನೋಂದಣಿ. 80ಜಿ ಎಂಬುದು ದೇಣಿಗೆ ಕೊಟ್ಟವರಿಗೆ ವಿನಾಯಿತಿ ಸಿಗುವಂತೆ ಮಾಡುವ ನೋಂದಣಿ. ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಅದು ಮುಗಿಯಲು ಆರು ತಿಂಗಳಿರುವಾಗ ಅಥವಾ ಕೆಲಸ ಶುರುವಾದ ಆರು ತಿಂಗಳೊಳಗೆ, ಯಾವುದು ಮೊದಲೋ ಆಗ, ಪೂರ್ಣ ನೋಂದಣಿಗೆ ಮತ್ತೆ ಅರ್ಜಿ ಹಾಕಬೇಕು. ಈ ಎರಡನೆಯ ಅರ್ಜಿಯನ್ನು ಮರೆತು ನೋಂದಣಿಯನ್ನೇ ಕಳೆದುಕೊಂಡ ಸಂಸ್ಥೆಗಳಿವೆ. ದಿನಾಂಕವನ್ನು ಇಬ್ಬರ ಮೊಬೈಲಿನಲ್ಲಿ ನೆನಪೋಲೆಯಾಗಿ ಇಡಿ.

ದೇಣಿಗೆ ಕೊಟ್ಟವರಿಗೆ ನಿಜವಾಗಿ ಎಷ್ಟು ಉಳಿಯುತ್ತದೆ? ಇಂಥ ಸಂಘಗಳಿಗೆ ಕೊಟ್ಟ ಹಣದಲ್ಲಿ ಶೇ 50ರಷ್ಟು ಕಳೆಯಬಹುದು, ಅದಕ್ಕೂ ಆದಾಯದ ಶೇ 10ರ ಮಿತಿಯಿದೆ. 12,000 ಕೊಟ್ಟವರ ಆದಾಯದಿಂದ 6,000 ಕಳೆಯುತ್ತದೆ. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಉಳಿಯುವುದು 1,872 ರೂಪಾಯಿ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ. ಹೊಸ ಪದ್ಧತಿಯಲ್ಲಿ 80ಜಿ ವಿನಾಯಿತಿ ಇಲ್ಲವೇ ಇಲ್ಲ, ಮತ್ತು ಈಗ ತಾನಾಗಿ ಅನ್ವಯಿಸುವುದು ಅದೇ. ಆದ್ದರಿಂದ ಮನವಿಯಲ್ಲಿ ‘ತೆರಿಗೆ ಉಳಿಸಿ’ ಎಂದು ದಪ್ಪ ಅಕ್ಷರದಲ್ಲಿ ಬರೆಯಬೇಡಿ. ಬಹುಪಾಲು ಸಂಬಳದಾರರಿಗೆ ಅದು ಸುಳ್ಳಾಗುತ್ತದೆ. ಸರ್ಕಾರಿ ಕಾಲೇಜಿನ ಖಾತೆಗೆ ಹಾಕಿದ ಮಾತ್ರಕ್ಕೂ ವಿನಾಯಿತಿ ಸಿಗುವುದಿಲ್ಲ. ಆ ಖಾತೆ ಹೊಂದಿರುವ ಸಂಸ್ಥೆಗೆ 80ಜಿ ಇದೆಯೇ ಎಂದು ಕೇಳಿಯೇ ಕೊಡಿ.

ಸಂಘದ ಕಡೆಯಿಂದ ತಪ್ಪಿಸಲಾಗದ ಕೆಲಸಗಳು:

1. ಪ್ರತಿ ದಾನಿಯ ಹೆಸರು, ಪಾನ್ ಸಂಖ್ಯೆ, ವಿಳಾಸ, ಮೊತ್ತವನ್ನು ಹಣ ಬಂದ ದಿನವೇ ಬರೆದಿಡುವುದು. ವರ್ಷದ ಕೊನೆಗೆ 140 ಜನರ ಪಾನ್ ಕೇಳಿಕೊಂಡು ತಿರುಗುವ ಖಜಾಂಚಿ ಮುಂದಿನ ವರ್ಷ ಆ ಹುದ್ದೆಯಲ್ಲಿ ಇರುವುದಿಲ್ಲ.
2. ಮುಂದಿನ ಮೇ 31ರೊಳಗೆ ದೇಣಿಗೆಗಳ ವಿವರವನ್ನು ಫಾರ್ಮ್ 10ಬಿಡಿಯಲ್ಲಿ ತೆರಿಗೆ ಇಲಾಖೆಗೆ ಸಲ್ಲಿಸಿ, ದಾನಿಗಳಿಗೆ ಫಾರ್ಮ್ 10ಬಿಇ ದೇಣಿಗೆ ಪ್ರಮಾಣಪತ್ರ ಕೊಡುವುದು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, ದಂಡ ಬೇರೆ. ಈ ವಿವರ ಹೋಗದಿದ್ದರೆ ನೀವು ಕೊಟ್ಟ ರಸೀದಿ ದಾನಿಯ ಕೈಯಲ್ಲಿ ಬರೀ ಕಾಗದ.
3. 2,000 ರೂಪಾಯಿ ಮೀರಿದ ನಗದಿಗೆ 80ಜಿ ಇಲ್ಲ ಎಂದು ಮೊದಲೇ ಹೇಳುವುದು. ಪುನರ್ಮಿಲನದ ಊಟದ ಹೊತ್ತಿಗೆ ಕವರಿನಲ್ಲಿ ಹಣ ಕೊಡುವ ರೂಢಿಯನ್ನು ಕ್ಯೂಆರ್ ಸಂಕೇತದ ಫಲಕ ಇಟ್ಟು ತಪ್ಪಿಸಬಹುದು.
4. ದತ್ತಿಗೆ ಕೊಟ್ಟ ಹಣಕ್ಕೆ ‘ಇದು ಮೂಲಧನಕ್ಕೆ’ ಎಂಬ ದಾನಿಯ ಲಿಖಿತ ಸೂಚನೆ ಪಡೆದು, ಆ ಹಣವನ್ನು ಬೇರೆಯೇ ಠೇವಣಿಯಾಗಿ ಇಡುವುದು. ಅದನ್ನು ಉಳಿದ ದೇಣಿಗೆಯೊಂದಿಗೆ ಬೆರೆಸಿದರೆ ಮೂಲಧನದ ವಿನಾಯಿತಿ ಕೈಬಿಡುತ್ತದೆ. ಉಳಿದ ಆದಾಯದಲ್ಲಿ ಶೇ 85ರಷ್ಟನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕು ಎಂಬುದೂ ನೆನಪಿರಲಿ.

ಇನ್ನೊಂದು ವಿಷಯವನ್ನು ಮುಜುಗರವಿಲ್ಲದೆ ಹೇಳಬೇಕು. ‘ನಮ್ಮ ಜಾತಿಯ ಬಡ ಮಕ್ಕಳಿಗೆ ಮಾತ್ರ’ ಎಂಬ ಷರತ್ತಿನೊಂದಿಗೆ ದೊಡ್ಡ ಮೊತ್ತ ತರುವ ದಾನಿಗಳು ಸಿಗುತ್ತಾರೆ. ನಿರ್ದಿಷ್ಟ ಧರ್ಮ ಅಥವಾ ಜಾತಿಗೆ ಸೀಮಿತವಾದ ಸಂಸ್ಥೆಗೆ 80ಜಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇದ್ದರೆ ಮಾತ್ರ ಅಡ್ಡಿಯಿಲ್ಲ. ಒಬ್ಬರ ಹಣಕ್ಕಾಗಿ ಎಲ್ಲರ ನೋಂದಣಿಯನ್ನು ಪಣಕ್ಕಿಡಬೇಡಿ. ದಾನಿಯ ಅಥವಾ ಪದಾಧಿಕಾರಿಯ ಸಂಬಂಧಿಕರಿಗೆ ನೆರವು ಕೊಡುವುದೂ ಇಷ್ಟೇ ಅಪಾಯಕಾರಿ.

ಹಂತ 5: ಹೊರದೇಶದಿಂದ ಬರುವ ಹಣ

ಇಲ್ಲಿ ನೋಡಬೇಕಾದದ್ದು ದಾನಿ ಎಲ್ಲಿದ್ದಾರೆ ಎಂಬುದನ್ನಲ್ಲ, ಯಾವ ದೇಶದ ಪಾಸ್‌ಪೋರ್ಟ್ ಹೊಂದಿದ್ದಾರೆ ಎಂಬುದನ್ನು. ಡಲ್ಲಾಸಿನಲ್ಲೋ ದುಬೈಯಲ್ಲೋ ಇರುವ ಭಾರತೀಯ ಪ್ರಜೆ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ್ದು ವಿದೇಶಿ ವಂತಿಗೆ ಅಲ್ಲ. ಅದೇ ವ್ಯಕ್ತಿ ಅಮೆರಿಕದ ಪೌರತ್ವ ಪಡೆದಿದ್ದರೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ವಂತಿಗೆ. ಎಫ್‌ಸಿಆರ್‌ಎ, ಅಂದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ಆ ಪೌರತ್ವದವರು ಬೆಂಗಳೂರಿಗೆ ಬಂದು ಇಲ್ಲಿನ ಖಾತೆಯಿಂದ ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ವಂತಿಗೆಯೇ. ಹೆಚ್ಚಿನವರು ಜಾರಿ ಬೀಳುವುದು ಇಲ್ಲೇ.

ಎಫ್‌ಸಿಆರ್‌ಎ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಉದ್ದೇಶಕ್ಕೆ 15 ಲಕ್ಷ ಖರ್ಚಾಗಿರಬೇಕು, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಪ್ರತ್ಯೇಕ ಖಾತೆ ತೆರೆಯಬೇಕು. ಸಣ್ಣ ಸಂಘಕ್ಕೆ ಇದು ಸಲ್ಲದ ಭಾರ. ಹೊರದೇಶದ ಭಾರತೀಯ ಪ್ರಜೆಗಳಿಂದ ಪಾಸ್‌ಪೋರ್ಟ್ ಪ್ರತಿ ಮತ್ತು ‘ನಾನು ಭಾರತೀಯ ಪ್ರಜೆ, ಇದು ನನ್ನ ಸ್ವಂತ ಹಣ’ ಎಂಬ ಘೋಷಣೆ ಪಡೆದು ಕಡತದಲ್ಲಿಡಿ. ಪೌರತ್ವ ಬದಲಿಸಿದವರಿಗೆ ನಯವಾಗಿ ಹೇಳಿ: ಹಣ ಬೇಡ, ವಾರಕ್ಕೊಂದು ಗಂಟೆ ಕೊಡಿ. ಸ್ನಾತಕೋತ್ತರ ಅರ್ಜಿಯ ಪ್ರಬಂಧ ತಿದ್ದುವುದು, ಅಣಕು ಸಂದರ್ಶನ ನಡೆಸುವುದು ಕಾನೂನಿನ ಯಾವ ತೊಡಕೂ ಇಲ್ಲದ ದಾನ.

ಹಂತ 6: ಹಣವನ್ನು ಎಲ್ಲಿಡಬೇಕು

ಪರಿಶಿಷ್ಟ ಬ್ಯಾಂಕಿನ (ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿರುವ ಬ್ಯಾಂಕಿನ) ನಿಶ್ಚಿತ ಠೇವಣಿ ಸಾಕು. ‘ಅಲ್ಲಿ ಒಂದೂವರೆ ಪರ್ಸೆಂಟ್ ಜಾಸ್ತಿ ಕೊಡ್ತಾರೆ’ ಎಂದು ಊರಿನ ಪತ್ತಿನ ಸಹಕಾರ ಸಂಘಕ್ಕೆ ಹಾಕಬೇಡಿ. ಬ್ಯಾಂಕ್ ಠೇವಣಿಗೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಪತ್ತಿನ ಸಂಘದ ಠೇವಣಿಗೆ ಅದಿಲ್ಲ. ಚೀಟಿ, ಕೈಸಾಲ ಯಾವುದೂ ತೆರಿಗೆ ಕಾಯ್ದೆ ಒಪ್ಪುವ ಹೂಡಿಕೆಯಲ್ಲ. ಠೇವಣಿ ಸಂಘದ ಪಾನ್ ಸಂಖ್ಯೆಯಲ್ಲೇ ಇರಲಿ. ಪಾನ್ ಕೊಡದಿದ್ದರೆ ಬಡ್ಡಿಯಲ್ಲಿ ಶೇ 20 ಕಡಿತವಾಗುತ್ತದೆ.

ಹಂತ 7: ವಿದ್ಯಾರ್ಥಿಗಳನ್ನು ಆರಿಸುವುದು

ಅರ್ಜಿ ಒಂದೇ ಪುಟ, ಕನ್ನಡದಲ್ಲಿ. ಆದಾಯ ಪ್ರಮಾಣಪತ್ರವನ್ನು ಹೊಸದಾಗಿ ಮಾಡಿಸಿ ತರಲು ಹೇಳಬೇಡಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಐದು ವರ್ಷ ಊರ್ಜಿತ. ಅದರ ಮೇಲಿರುವ ಆರ್‌ಡಿ ಸಂಖ್ಯೆ ಬರೆಸಿಕೊಂಡರೆ ಆನ್‌ಲೈನಿನಲ್ಲೇ ಪರಿಶೀಲಿಸಬಹುದು. ಹಾಗಿದ್ದೂ ಪ್ರಮಾಣಪತ್ರವನ್ನೇ ಪೂರ್ತಿ ನಂಬಬೇಡಿ. ಕೂಲಿ ಮಾಡುವವರ ಮನೆಗೂ ಹತ್ತು ಎಕರೆ ಅಡಿಕೆ ತೋಟದವರ ಮನೆಗೂ ಒಂದೇ ಅಂಕಿ ಇರುವುದುಂಟು. ‘ಮನೆಯಲ್ಲಿ ದುಡಿಯುವವರು ಎಷ್ಟು ಜನ, ಏನು ಕೆಲಸ’, ‘ಕಾಲೇಜಿಗೆ ಬಂದು ಹೋಗಲು ಎಷ್ಟು ಹೊತ್ತು’, ‘ನೀವೂ ದುಡಿಯುತ್ತೀರಾ, ಎಲ್ಲಿ’, ‘ಮನೆಯಲ್ಲಿ ನಿಮಗಿಂತ ಮೊದಲು ಪದವಿ ಓದಿದವರು ಇದ್ದಾರಾ’ ಎಂಬ ನಾಲ್ಕು ಪ್ರಶ್ನೆಗಳು ಹೆಚ್ಚು ಹೇಳುತ್ತವೆ.

ಸಮಿತಿಯಲ್ಲಿ ಐವರಿರಲಿ: ಇಬ್ಬರು ಅಧ್ಯಾಪಕರು, ಮೂವರು ಹಳೆಯ ವಿದ್ಯಾರ್ಥಿಗಳು. ಇವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು. ಅಂಕಪಟ್ಟಿಗೆ ನೂರರಲ್ಲಿ ಮೂವತ್ತಕ್ಕಿಂತ ಹೆಚ್ಚು ತೂಕ ಕೊಡಬೇಡಿ. ನವೀಕರಣಕ್ಕೆ ‘ಶೇ 75 ಬೇಕು’ ಎಂದು ಬರೆಯುವುದು ತೀರ ಸಾಮಾನ್ಯವಾದ ತಪ್ಪು. ಬೆಳಿಗ್ಗೆ ಹಾಲು, ಪೇಪರು ಹಾಕಿ ಬರುವ ಹುಡುಗನ ಅಂಕ ಮೊದಲ ವರ್ಷ ಇಳಿದೇ ಇಳಿಯುತ್ತದೆ, ಅವನಿಗೇ ಹಣ ನಿಂತುಹೋಗುತ್ತದೆ. ಉತ್ತೀರ್ಣನಾಗಿದ್ದರೆ, ಹಾಜರಿ ಇದ್ದರೆ ಸಾಕು.

ವೇಳಾಪಟ್ಟಿ ಹೀಗಿರಲಿ: ಸೆಮಿಸ್ಟರ್ ಶುರುವಾದ ಎರಡು ವಾರದೊಳಗೆ ಪ್ರಕಟಣೆ, 15 ದಿನ ಅರ್ಜಿ, 10 ದಿನದಲ್ಲಿ ಆಯ್ಕೆ, ಒಟ್ಟು 45 ದಿನದೊಳಗೆ ಹಣ. ಇದಲ್ಲದೆ ತುರ್ತು ನೆರವಿಗೆಂದು ವರ್ಷದ ಹಣದಲ್ಲಿ ಶೇ 10 ಬೇರೆ ತೆಗೆದಿಡಿ. ಪ್ರಾಂಶುಪಾಲರು ಮತ್ತು ಒಬ್ಬ ಪದಾಧಿಕಾರಿ ಫೋನಿನಲ್ಲೇ ಒಪ್ಪಿ 3,000 ರೂಪಾಯಿವರೆಗೆ 48 ಗಂಟೆಯಲ್ಲಿ ಕೊಡುವಂತಿರಬೇಕು, ಸಮಿತಿಗೆ ಆಮೇಲೆ ತಿಳಿಸಿದರಾಯಿತು. ನಿಧಿಯ ಎಲ್ಲ ಬಾಬ್ತುಗಳಲ್ಲಿ ಅತಿ ಹೆಚ್ಚು ಓದು ಉಳಿಸುವುದು ಇದೇ.

ಹಂತ 8: ಹಣ ತಲುಪಿಸುವುದು

ವಿದ್ಯಾರ್ಥಿಯ ಸ್ವಂತ ಖಾತೆಗೆ ಬ್ಯಾಂಕ್ ವರ್ಗಾವಣೆ. ಆದರೆ ಮೊದಲ ಸಲ ಕಳಿಸಿದಾಗ ಕೆಲವು ವರ್ಗಾವಣೆಗಳಾದರೂ ಹಿಂದಿರುಗುತ್ತವೆ. ಶಾಲೆಯಲ್ಲಿದ್ದಾಗ ಅಪ್ರಾಪ್ತರ ಹೆಸರಲ್ಲಿ ತೆರೆದ ಖಾತೆಗೆ 18 ತುಂಬಿದ ಮೇಲೆ ಕೆವೈಸಿ ಹೊಸದಾಗಿ ಮಾಡಿಸಿರುವುದಿಲ್ಲ. ಎರಡು ವರ್ಷ ಬಳಸದ ಖಾತೆ ನಿಷ್ಕ್ರಿಯವಾಗಿರುತ್ತದೆ. ಬ್ಯಾಂಕುಗಳು ವಿಲೀನವಾದ ಮೇಲೆ ಹಳೆಯ ಪಾಸ್‌ಪುಸ್ತಕದ ಐಎಫ್‌ಎಸ್‌ಸಿ ಸಂಖ್ಯೆ ನಡೆಯುವುದಿಲ್ಲ. ಆದ್ದರಿಂದ ಮೊದಲು ಒಂದು ರೂಪಾಯಿ ಕಳಿಸಿ, ತಲುಪಿದ್ದನ್ನು ಖಚಿತಪಡಿಸಿಕೊಂಡು ಉಳಿದದ್ದನ್ನು ಕಳಿಸಿ. ಶುಲ್ಕದ ನೆರವಾದರೆ ಕಾಲೇಜಿಗೇ ನೇರವಾಗಿ ಕಟ್ಟಬಹುದು.

ವೇದಿಕೆಯ ಮೇಲೆ ಉದ್ದನೆಯ ಚೆಕ್ಕು ಹಿಡಿಸಿ ಫೋಟೊ ತೆಗೆಯಬೇಡಿ. ಸಾವಿರಾರು ರೂಪಾಯಿ ನೆರವು ಬೇಕಿದ್ದೂ, ಆ ಫೋಟೊ ತರಗತಿಯ ವಾಟ್ಸಾಪ್ ಗುಂಪಿಗೆ ಬೀಳುತ್ತದೆಂದು ಅರ್ಜಿಯೇ ಹಾಕದ ಮಕ್ಕಳಿದ್ದಾರೆ. ಹೆಸರುಗಳು ಸಮಿತಿಯ ನಡಾವಳಿ ಪುಸ್ತಕದಲ್ಲಿದ್ದರೆ ಸಾಕು.

ಹಂತ 9: ಆಟ, ನಾಟಕ, ಶಿಬಿರ

ಪಠ್ಯೇತರ ಚಟುವಟಿಕೆಗೆ ಕೊಡುವುದೆಂದರೆ ದಾನಿಗಳು ಹಿಂದೇಟು ಹಾಕುತ್ತಾರೆ. ಅದು ತಪ್ಪು ಲೆಕ್ಕ. ಕಾಲೇಜಿಗೆ ಮಕ್ಕಳನ್ನು ಕಟ್ಟಿಹಾಕುವುದು ಎಷ್ಟೋ ಸಲ ವಾಲಿಬಾಲ್ ಅಂಕಣವೇ. ಸಾಮಾನ್ಯವಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋಗುವ ತಂಡದ ಖರ್ಚನ್ನು ವಿಶ್ವವಿದ್ಯಾಲಯ ನೋಡಿಕೊಳ್ಳುತ್ತದೆ. ಕಾಲೇಜಿನ ತಂಡ ಅಲ್ಲಿಯವರೆಗೆ ಏರುವ ಅಂತರ ಕಾಲೇಜು ಹಂತದಲ್ಲೇ ಹಣ ಸಾಲುವುದಿಲ್ಲ.

ಒಂದು ಉದಾಹರಣೆ ಬಜೆಟ್. ವಾಲಿಬಾಲ್ ತಂಡದಲ್ಲಿ 12 ಜನ, ಜೊತೆಗೆ ಒಬ್ಬ ತರಬೇತುದಾರರು, ಎರಡು ದಿನದ ಪಂದ್ಯ. ತಲಾ ಊಟ–ತಿಂಡಿಗೆ ದಿನಕ್ಕೆ 300ರಂತೆ 7,800. ಹೋಗಿ ಬರಲು ತಲಾ 400ರಂತೆ 5,200. ಪಂದ್ಯದ ಬಟ್ಟೆ 12 ಜೊತೆ, 600ರಂತೆ 7,200. ಒಟ್ಟು 20,200. ಇದರಲ್ಲಿ ಶೂ ಸೇರಿಲ್ಲ. ತಂಡದಲ್ಲಿ ಯಾರಿಗೆ ಶೂ ಇಲ್ಲ ಎಂದು ತರಬೇತುದಾರರಿಗೆ ಗೊತ್ತು, ಅಷ್ಟು ಜನಕ್ಕೆ ಕೊಡಿ. ಎಲ್ಲರಿಗೂ ಒಂದೇ ದರ್ಜೆಯ ಅಗ್ಗದ ಶೂ ಕೊಳ್ಳುವುದಕ್ಕಿಂತ ನಾಲ್ವರಿಗೆ ಕಾಲು ಉಳಿಸುವ ಶೂ ಮೇಲು.

ನಾಟಕಕ್ಕೆ ಹಣ ಬೇಕಾಗುವುದು ಪ್ರದರ್ಶನದ ದಿನವಲ್ಲ, ತಾಲೀಮಿನ ತಿಂಗಳಲ್ಲಿ. ಸಂಜೆ ಏಳರವರೆಗೆ ತಾಲೀಮು ನಡೆದರೆ ಹಳ್ಳಿಗೆ ಕೊನೆಯ ಬಸ್ಸು ತಪ್ಪುತ್ತದೆ. ಹಾಗಾಗಿ ಹುಡುಗಿಯರು ಮೊದಲ ವಾರವೇ ಬಿಟ್ಟುಹೋಗುತ್ತಾರೆ. ವಾಹನದ ವ್ಯವಸ್ಥೆ, ಸಂಜೆಯ ತಿಂಡಿ ಎರಡೇ ಸಾಕು, ತಂಡದ ರೂಪ ಬದಲಾಗುತ್ತದೆ. ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರಕ್ಕೆ ಸರ್ಕಾರದ ಅನುದಾನ ಇದೆ, ಬರುವುದು ತಡ. ಮುಂಗಡವಾಗಿ ಕೊಟ್ಟು, ಅನುದಾನ ಬಂದ ಮೇಲೆ ಮರಳಿ ಪಡೆಯುವ ಕರಾರು ಮಾಡಿಕೊಳ್ಳಿ.

ಸಾಮಗ್ರಿ ಕೊಡುವುದಾದರೆ ಸರ್ಕಾರಿ ಕಾಲೇಜಿನ ದಾಸ್ತಾನು ಪುಸ್ತಕದಲ್ಲಿ ದಾಖಲಿಸಿ, ಪುಟ ಸಂಖ್ಯೆ ಬರೆಸಿಕೊಳ್ಳಿ. ದಾಖಲಾಗದ ಕಂಪ್ಯೂಟರು ಆಡಿಟಿನಲ್ಲಿ ಪ್ರಾಂಶುಪಾಲರಿಗೆ ತಲೆನೋವು. ಬೆಲೆಯ ಶೇ 20ರಷ್ಟನ್ನು ನಿರ್ವಹಣೆಗೆ ಎತ್ತಿಟ್ಟುಕೊಂಡೇ ಕೊಡಿ. ಕಟ್ಟಡದ ಗೋಜು ಬೇಡ. ಜಾಗ ಇಲಾಖೆಯದು, ಅನುಮತಿ ಹಲವು ಮೇಜುಗಳ ಆಚೆ.

ಹಂತ 10: ಲೆಕ್ಕ ಒಪ್ಪಿಸುವುದು, ಕೈ ಬದಲಿಸುವುದು

ಮೂರು ತಿಂಗಳಿಗೊಮ್ಮೆ ದಾನಿಗಳ ಗುಂಪಿಗೆ ಒಂದು ಪುಟ ಕಳಿಸಿ: ಬಂದದ್ದು, ಹೋದದ್ದು, ಉಳಿದದ್ದು, ಎಷ್ಟು ಅರ್ಜಿ ಬಂತು, ಎಷ್ಟಕ್ಕೆ ಆಗಲಿಲ್ಲ. ಕೊನೆಯ ಅಂಕಿಯನ್ನು ಅಡಗಿಸಬೇಡಿ. ಮುಂದಿನ ತಿಂಗಳ ದೇಣಿಗೆ ಹೆಚ್ಚುವುದು ಅದನ್ನು ನೋಡಿಯೇ. ದೇಣಿಗೆಯನ್ನು ಬ್ಯಾಂಕಿನ ಸ್ಥಾಯಿ ಸೂಚನೆ ಅಥವಾ ಯುಪಿಐ ಆಟೊಪೇ ಮೂಲಕ ಮಾಡಿಸಿ. ಪ್ರತಿ ತಿಂಗಳು ನೆನಪಿಸಿ ಪಡೆಯುವ ಹಣ ವರ್ಷ ತುಂಬುವುದರೊಳಗೆ ಬತ್ತುತ್ತದೆ. ಕಂಪನಿಗಳಲ್ಲಿ ಕೆಲಸ ಮಾಡುವವರು ತಮ್ಮ ಮಾನವ ಸಂಪನ್ಮೂಲ ವಿಭಾಗದಲ್ಲಿ ವಿಚಾರಿಸಲಿ. ನೌಕರರು ಕೊಟ್ಟಷ್ಟನ್ನೇ ತಾವೂ ಸೇರಿಸುವ ಕಂಪನಿಗಳಿವೆ. ಕಂಪನಿಯ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಬರುವುದಾದರೆ ಸಂಘಕ್ಕೆ ಸಿಎಸ್‌ಆರ್–1 ನೋಂದಣಿಯೂ ಬೇಕು.

ಖಾತೆಯಲ್ಲಿ ಮೂವರ ಸಹಿ ಇದ್ದು, ಯಾವುದೇ ಇಬ್ಬರ ಸಹಿಗೆ ಹಣ ತೆಗೆಯುವಂತಿರಲಿ. ಬ್ಯಾಂಕಿಗೂ ಆದಾಯ ತೆರಿಗೆ ಪೋರ್ಟಲಿಗೂ ಕೊಡುವ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಸಂಘದ್ದೇ ಆಗಿರಲಿ, ಖಜಾಂಚಿಯ ಸ್ವಂತದ್ದಲ್ಲ. ಖಜಾಂಚಿ ಬದಲಾದ ದಿನ ಆ ಸಿಮ್, ಗುಪ್ತಪದಗಳಿರುವ ಮುಚ್ಚಿದ ಲಕೋಟೆ, ಪಾನ್ ಕಾರ್ಡ್, ನೋಂದಣಿ ಮತ್ತು 80ಜಿ ಪತ್ರಗಳ ಮೂಲ ಪ್ರತಿ, ಠೇವಣಿ ರಸೀದಿಗಳು, ನಡಾವಳಿ ಪುಸ್ತಕ, ಇಷ್ಟನ್ನೂ ಪಟ್ಟಿ ಮಾಡಿ ಇಬ್ಬರ ಸಹಿಯೊಂದಿಗೆ ಹಸ್ತಾಂತರಿಸಿ. ಪಟ್ಟಿಯ ಒಂದು ಪ್ರತಿ ಕಾಲೇಜಿನ ಕಚೇರಿಯ ಬೀರುವಿನಲ್ಲಿರಲಿ.